ಗುಳ್ಳೆ ಹುಟ್ಟುವ ಜಾಗ

ಬಸುರಿಯ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ ಪ್ರೋಬ್ ಆಡಿಸಿದರೆ ಪರದೆಯ ಮೇಲೆ ಮಗು ಕಾಲು ಝಾಡಿಸುವುದು ಕಾಣುತ್ತದೆ. ಅಲ್ಲಿ ಕೆಲಸ ಮಾಡುವುದು ನಮ್ಮ ಕಿವಿಗೆ ನಿಲುಕದ ಧ್ವನಿ. ಸೆಕೆಂಡಿಗೆ 20,000 ಕಂಪನಗಳನ್ನು ದಾಟಿದ ಸದ್ದು ಮನುಷ್ಯನಿಗೆ ಕೇಳಿಸದು. ಆ ಗಡಿಯಾಚೆಯದ್ದಕ್ಕೆಲ್ಲ ಅಲ್ಟ್ರಾಸೌಂಡ್ ಎಂದು ಹೆಸರು. ಕನ್ನಡದಲ್ಲಿ ಶ್ರವಣಾತೀತ ಧ್ವನಿ. ಚಿನ್ನದಂಗಡಿಯಲ್ಲೂ ಇದೇ ಧ್ವನಿಯಿದೆ. ಹಳೆಯ ಸರವನ್ನು ತೊಳೆಯಲು ಕೊಟ್ಟರೆ ಅಂಗಡಿಯವರು ಸೋಪಿನ ನೀರು ತುಂಬಿದ ಪುಟ್ಟ ಸ್ಟೀಲ್ ತೊಟ್ಟಿಗೆ ಅದನ್ನು ಇಳಿಬಿಟ್ಟು ಗುಂಡಿ ಒತ್ತುತ್ತಾರೆ. ಕೊಂಡಿಗಳ ಸಂದಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಜಿಡ್ಡು ನಿಮಿಷಗಳಲ್ಲಿ ಬೂದು ಬೂದಾಗಿ ನೀರಿಗೆ ಬಿಡುತ್ತದೆ. ದಂತವೈದ್ಯರು ಹಲ್ಲಿನ ಕಿಟ್ಟ ತೆಗೆಯುವ ಸ್ಕೇಲರ್‌ನ ತುದಿ ನಡುಗುವುದೂ ಶ್ರವಣಾತೀತ ವೇಗದಲ್ಲೇ.

ಮಗುವಿನ ಕೂದಲು ಕೊಂಕಿಸದ ಧ್ವನಿ ಬಂಗಾರದ ಕೊಳೆಯನ್ನು ಕಿತ್ತು ತೆಗೆಯುವುದು ಹೇಗೆ? ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇಳೋಣ. ಕೊಳೆಯನ್ನು ಕೀಳಬಲ್ಲ ಧ್ವನಿಯಿಂದ, ಮೈಯೊಳಗೆ ಅಂಟಿ ಕೂತು ಯಾವ ಔಷಧಿಗೂ ಜಗ್ಗದ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಹುದೆ? ಕೊಂದರೂ ಸುತ್ತಲಿನ ಮಾಂಸಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳಬಹುದೆ? ಜಗತ್ತಿನ ಹಲವು ಪ್ರಯೋಗಶಾಲೆಗಳು ಈಗ ಈ ಪ್ರಶ್ನೆಯ ಬೆನ್ನು ಹತ್ತಿವೆ. ಅದಕ್ಕೆ ಕಾರಣವೂ ಇದೆ. ಔಷಧ ನಿರೋಧಕ ಬ್ಯಾಕ್ಟೀರಿಯಾಗಳಿಂದಾಗಿಯೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಮಂದಿ ಸತ್ತರೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಹೊಸ ಆ್ಯಂಟಿಬಯಾಟಿಕ್‌ಗಳು ಅಪರೂಪಕ್ಕೊಮ್ಮೆ ಬರುತ್ತವೆ. ಬಂದವಕ್ಕೂ ಬ್ಯಾಕ್ಟೀರಿಯಾಗಳು ಬೇಗನೆ ಒಗ್ಗಿಕೊಳ್ಳುತ್ತವೆ.

ಅಲೆ ದೊಡ್ಡದು, ಜೀವಿ ಚಿಕ್ಕದು

ಧ್ವನಿಯ ಅಲೆ ನೀರಿನಲ್ಲಿ ಸಾಗುವಾಗ ನೀರು ಒಂದೆಡೆ ಒತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಸಡಿಲವಾಗುತ್ತದೆ. ಒತ್ತಿದ ಪದರ, ಸಡಿಲ ಪದರ, ಮತ್ತೆ ಒತ್ತಿದ ಪದರ. ಇದು ಬರೀ ಊಹೆಯಲ್ಲ. ಶ್ರವಣಾತೀತ ಧ್ವನಿ ಹಾಯುತ್ತಿರುವ ದ್ರವದೊಳಗೆ ಬೆಳಕು ತೂರಿಸಿದರೆ ಈ ಪದರಗಳಿಂದಾಗಿ ಅದು ಕವಲೊಡೆಯುವುದನ್ನು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ನ ವಿಜ್ಞಾನಿಗಳು ಕಂಡಿದ್ದರು. ಯಾಕೆ ಹಾಗೆ ಕವಲೊಡೆಯುತ್ತದೆ ಎಂಬುದಕ್ಕೆ ಸರಿಯಾದ ಲೆಕ್ಕ ಕೊಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರ ನಾಥ್. 1935ರಿಂದ ಅವರು ಬರೆದ ಪ್ರಬಂಧಗಳ ಆ ಸಿದ್ಧಾಂತಕ್ಕೆ ಇಂದಿಗೂ ರಾಮನ್-ನಾಥ್ ಎಂದೇ ಹೆಸರು.

ಈಗ ಅಳತೆ ನೋಡೋಣ. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬಳಸುವ ಧ್ವನಿ ಸೆಕೆಂಡಿಗೆ ಸುಮಾರು 35 ಲಕ್ಷ ಸಲ ಕಂಪಿಸುತ್ತದೆ. ಮೈಯೊಳಗೆ ಅದರ ಒಂದು ಅಲೆಯ ಉದ್ದ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್. ಹುಣ್ಣು, ಕೀವುಗಳಲ್ಲಿ ಸಿಗುವ ಸ್ಟ್ಯಾಫಿಲೊಕಾಕಸ್ ಎಂಬ ದುಂಡು ಬ್ಯಾಕ್ಟೀರಿಯಾದ ಅಗಲ ಮಿಲಿಮೀಟರಿನ ಸಾವಿರದ ಒಂದು ಭಾಗ. ಅಂದರೆ ಅಲೆ ಅದಕ್ಕಿಂತ ನಾನೂರು ಪಟ್ಟು ಉದ್ದ. ಅಷ್ಟುದ್ದದ ಅಲೆ ಬಂದಾಗ ಬ್ಯಾಕ್ಟೀರಿಯಾದ ಈ ಕಡೆಗೂ ಆ ಕಡೆಗೂ ಒತ್ತಡದಲ್ಲಿ ಹೆಚ್ಚೇನೂ ವ್ಯತ್ಯಾಸವಿರುವುದಿಲ್ಲ. ಇಡೀ ಜೀವಿ ನೀರಿನ ಜೊತೆಗೇ ಹಿಂದೆ ಮುಂದೆ ತೂಗುತ್ತದೆ, ಅಷ್ಟೆ. ಅದನ್ನು ಎಳೆದು ಹರಿಯುವ ಕೆಲಸ ಅಲೆಯಿಂದ ಆಗುವುದಿಲ್ಲ.

ಹಾಗಾದರೆ ಒತ್ತಡವೇ ಹಿಚುಕಿ ಹಾಕಬಾರದೆ? ಸ್ಕ್ಯಾನಿಂಗ್ ಧ್ವನಿಯ ಒತ್ತಡ ಹೆಚ್ಚೆಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಕೆಲವು ಹತ್ತು ಪಟ್ಟು. ಹಣ್ಣಿನ ರಸವನ್ನು ಕಾಯಿಸದೆ, ಬರೀ ಒತ್ತಡ ಹೇರಿ ಬ್ಯಾಕ್ಟೀರಿಯಾ ಕೊಲ್ಲುವ ಕಾರ್ಖಾನೆಗಳಿವೆ. ಅಲ್ಲಿ ಬೇಕಾಗುವುದು ಸುಮಾರು ಆರು ಸಾವಿರ ಪಟ್ಟು. ಬ್ಯಾಕ್ಟೀರಿಯಾ ಗಟ್ಟಿ ಪಿಂಡ. ಸ್ಕ್ಯಾನಿಂಗ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಧ್ವನಿ ತಾನಾಗಿ ಕೊಲ್ಲದು ಎಂದಾಯಿತು. ಆದರೂ ಧ್ವನಿಯಿಂದ ಬ್ಯಾಕ್ಟೀರಿಯಾ ಸಾಯುವುದನ್ನು ಜನ ಕಣ್ಣಾರೆ ನೋಡಿದ್ದಾರೆ, ಅದೂ ಸುಮಾರು ನೂರು ವರ್ಷದ ಹಿಂದೆ.

ಬ್ಯಾಂಕರ್‌ನ ಪ್ರಯೋಗಶಾಲೆ

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳನ್ನು ಪತ್ತೆ ಮಾಡಲು ಫ್ರಾನ್ಸ್‌ನ ಭೌತವಿಜ್ಞಾನಿ ಪಾಲ್ ಲಾಂಜೆವಿನ್ ಟೂಲಾನ್ ಬಂದರಿನಲ್ಲಿ ಒಂದು ಪ್ರಯೋಗ ನಡೆಸುತ್ತಿದ್ದರು. ಸ್ಫಟಿಕ ಶಿಲೆಯ ಬಿಲ್ಲೆಗೆ ವಿದ್ಯುತ್ ಕೊಟ್ಟು ನೀರಿನೊಳಗೆ ಶ್ರವಣಾತೀತ ಧ್ವನಿ ಹಾಯಿಸುವುದು, ಮರುದನಿಗಾಗಿ ಕಾಯುವುದು. ಧ್ವನಿಯ ದಾರಿಗೆ ಬಂದ ಸಣ್ಣ ಮೀನುಗಳು ಸತ್ತು ತೇಲಿದವು. ನೀರಿಗೆ ಕೈಯಿಟ್ಟವರಿಗೆ ನೋವು. ಇದನ್ನು ನೋಡಿ ಬಂದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್, ಯುದ್ಧ ಮುಗಿದ ಮೇಲೆ ಆ ಕಥೆಯನ್ನು ಗೆಳೆಯ ಆಲ್ಫ್ರೆಡ್ ಲೂಮಿಸ್‌ಗೆ ಹೇಳಿದರು.

ಲೂಮಿಸ್ ವಾಲ್ ಸ್ಟ್ರೀಟ್‌ನ ಶ್ರೀಮಂತ ಬ್ಯಾಂಕರ್. ಹಗಲು ಷೇರು, ಬಾಂಡು. ಉಳಿದ ಹೊತ್ತು ವಿಜ್ಞಾನ. ನ್ಯೂಯಾರ್ಕ್ ರಾಜ್ಯದ ಟಕ್ಸಿಡೊ ಪಾರ್ಕ್‌ನಲ್ಲಿ ಬಂಗಲೆಯೊಂದನ್ನೇ ಸ್ವಂತ ಪ್ರಯೋಗಶಾಲೆ ಮಾಡಿಕೊಂಡಿದ್ದರು. (1929ರ ಷೇರುಪೇಟೆ ಕುಸಿತಕ್ಕೆ ಮುಂಚೆಯೇ ತಮ್ಮ ಷೇರುಗಳನ್ನು ಮಾರಿ ನಗದು ಮಾಡಿಕೊಂಡ ಚಾಣಾಕ್ಷ ಈತ.) ವುಡ್ ಮತ್ತು ಲೂಮಿಸ್ ಸೇರಿ 1927ರಲ್ಲಿ ಪ್ರಕಟಿಸಿದ ಪ್ರಬಂಧ ಈಗ ಓದಿದರೂ ಮೋಜೆನಿಸುತ್ತದೆ. ಧ್ವನಿಯ ರಭಸಕ್ಕೆ ಎಣ್ಣೆಯ ಮೇಲ್ಮೈ ದಿಬ್ಬವಾಗಿ ಏಳುತ್ತದೆ. ಎಣ್ಣೆಯಲ್ಲಿ ಅದ್ದಿದ ಗಾಜಿನ ಕಡ್ಡಿಯ ಇನ್ನೊಂದು ತುದಿಯನ್ನು ಮರದ ಚೂರಿಗೆ ಒತ್ತಿದರೆ ಹೊಗೆಯೇಳುತ್ತದೆ. ಕಪ್ಪೆ, ಸಣ್ಣ ಮೀನು ಒಂದೆರಡು ನಿಮಿಷದಲ್ಲಿ ಸಾಯುತ್ತವೆ. ಕೆಂಪು ರಕ್ತಕಣಗಳು ಒಡೆದುಹೋಗುತ್ತವೆ.

ಎರಡು ವರ್ಷದ ಮೇಲೆ, 1929ರಲ್ಲಿ, ಲೂಮಿಸ್ ಜೊತೆಗೂಡಿದವರು ಪ್ರಿನ್ಸ್‌ಟನ್‌ನ ಜೀವವಿಜ್ಞಾನಿ ಎಡ್ಮಂಡ್ ನ್ಯೂಟನ್ ಹಾರ್ವೆ. ಮಿಂಚುಹುಳದಿಂದ ಹಿಡಿದು ಸಮುದ್ರದ ಜೀವಿಗಳವರೆಗೆ, ಮೈಯಿಂದ ಬೆಳಕು ಹೊಮ್ಮಿಸುವ ಎಲ್ಲದರ ಬಗ್ಗೆ ಹಾರ್ವೆಗೆ ಹುಚ್ಚು. ಅವರು ಆರಿಸಿಕೊಂಡದ್ದು ಸಮುದ್ರದ ನೀರಿನಲ್ಲಿ ಬದುಕುವ ಮಿನುಗು ಬ್ಯಾಕ್ಟೀರಿಯಾಗಳನ್ನು. ಜಾಣ ಆಯ್ಕೆ ಅದು: ಜೀವವಿದ್ದರೆ ಬೆಳಕು, ಬೆಳಕು ಹೋಯಿತೆಂದರೆ ಕಥೆ ಮುಗಿದಂತೆ. ಧ್ವನಿ ಹಾಯಿಸಿದಾಗ ಬ್ಯಾಕ್ಟೀರಿಯಾಗಳು ನಾಶವಾದವು. ಆ ನಾಶದ ಹಿಂದಿರುವುದು ಏನು ಎಂಬ ಪ್ರಶ್ನೆಗೆ ಉತ್ತರ ಗಟ್ಟಿಯಾಗಲು ಇನ್ನಷ್ಟು ವರ್ಷ ಹಿಡಿಯಿತು. ಸುಳಿವು ಸಿಕ್ಕಿದ್ದು ತೀರಾ ಸರಳ ಪರೀಕ್ಷೆಗಳಿಂದ. ನೀರಿನಲ್ಲಿ ಕರಗಿದ ಗಾಳಿಯನ್ನು ಮೊದಲೇ ಹೊರಗೆಳೆದರೆ ಅದೇ ಧ್ವನಿ ಜೀವಕೋಶಗಳನ್ನು ಒಡೆಯದು. ನೀರಿನ ಮೇಲೆ ಹೊರಗಿನಿಂದ ಒತ್ತಡ ಹೇರಿದರೂ ಒಡೆಯದು. ಈ ಎರಡೂ ಉಪಾಯಗಳು ತಡೆಯುವುದು ಒಂದನ್ನೇ: ಗುಳ್ಳೆ ಹುಟ್ಟುವುದನ್ನು.

ಸೋಡಾದ ಲೋಟಕ್ಕೆ ಉಪ್ಪು

ಗೋಲಿ ಸೋಡಾ ಲೋಟಕ್ಕೆ ಬಗ್ಗಿಸಿಕೊಂಡು ಒಂದೆರಡು ನಿಮಿಷ ಸುಮ್ಮನೆ ಬಿಡಿ. ಬುಸುಗುಡುವುದು ತಣ್ಣಗಾಗುತ್ತದೆ, ಗಾಜಿನ ಗೋಡೆಯ ಅಲ್ಲಲ್ಲಿಂದ ಮಾತ್ರ ಗುಳ್ಳೆಗಳು ಸಾಲಾಗಿ ಏಳುತ್ತಿರುತ್ತವೆ. ಈಗ ಒಂದು ಚಿಟಿಕೆ ಉಪ್ಪು ಉದುರಿಸಿ. ಬುಸ್ಸೆಂದು ನೊರೆ ಉಕ್ಕಿ ಲೋಟದ ಅಂಚು ದಾಟುತ್ತದೆ, ಮೇಜೆಲ್ಲ ಒದ್ದೆ. ನಿಂಬೆ ಸೋಡಾ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಉಪ್ಪು, ನಿಂಬೆರಸವನ್ನು ಲೋಟಕ್ಕೆ ಮೊದಲೇ ಹಾಕಿಕೊಂಡು ಸೋಡಾವನ್ನು ಆಮೇಲೆ ನಿಧಾನವಾಗಿ ಸುರಿಯುತ್ತಾರೆ.

ಉಪ್ಪು ಹೊಸದಾಗಿ ಅನಿಲವನ್ನೇನೂ ತಂದಿಲ್ಲ. ಸೋಡಾದಲ್ಲಿ ಅನಿಲ ಮೊದಲೇ ತುಂಬಿ ತುಳುಕುತ್ತಿತ್ತು, ಹೊರಬರಲು ಕಾತರಿಸುತ್ತಿತ್ತು. ಆದರೆ ನೀರಿನ ನಡುವೆ ಏನೂ ಇಲ್ಲದ ಕಡೆ ಹೊಸ ಗುಳ್ಳೆಯೊಂದು ಹುಟ್ಟುವುದು ಬಲು ಕಷ್ಟ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಅವುಗಳ ನಡುವೆ ಸಂದು ಬಿಡಿಸಬೇಕು. ಉಪ್ಪಿನ ಹರಳಿನ ಒರಟು ಮೈಯ ಬಿರುಕುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಬಿಡಿಸಿಟ್ಟ ಸಂದು ಸಿಕ್ಕಿದ್ದೇ ತಡ, ಅನಿಲ ಅಲ್ಲಿಗೆ ನುಗ್ಗುತ್ತದೆ. ಬಿರುಕಿನಲ್ಲಿ ಅಡಗಿದ ಆ ಗಾಳಿಯನ್ನು ಗುಳ್ಳೆಬೀಜ ಎನ್ನೋಣ. ಲೋಟದ ಗೋಡೆಯಿಂದ ಸಾಲಾಗಿ ಏಳುವ ಗುಳ್ಳೆಗಳ ಬುಡದಲ್ಲೂ ಇರುವುದು ಇಂಥದೇ ಬೀಜ: ಬಟ್ಟೆಯ ಎಳೆ, ಧೂಳಿನ ಕಣ, ಗೀರು.

ಶ್ರವಣಾತೀತ ಧ್ವನಿಯಲ್ಲೂ ಹೀಗೆಯೇ. ಅಲೆಯ ಸಡಿಲ ಪದರ ಬಂದಾಗ ನೀರು ಎಳೆತಕ್ಕೆ ಸಿಗುತ್ತದೆ. ಪರಿಶುದ್ಧ ನೀರನ್ನು ಎಳೆದು ಹರಿಯಬೇಕಾದರೆ ಸಿದ್ಧಾಂತದ ಪ್ರಕಾರ ವಾತಾವರಣದ ಒತ್ತಡದ ಸಾವಿರ ಪಟ್ಟಿಗೂ ಮೀರಿದ ಬಲ ಬೇಕು. ಯಾವ ಸ್ಕ್ಯಾನಿಂಗ್ ಯಂತ್ರಕ್ಕೂ ಅಷ್ಟು ತಾಕತ್ತಿಲ್ಲ. ಆದರೆ ನೀರಿನಲ್ಲಿ ಗುಳ್ಳೆಬೀಜಗಳಿದ್ದರೆ ಒಂದೆರಡು ಪಟ್ಟು ಎಳೆತವೂ ಸಾಕಾಗಬಹುದು. ಒರಟು ಬಿರುಕಿನಲ್ಲಿ ಅನಿಲ ಹೀಗೆ ಅಡಗಿ ಉಳಿಯುವ ಬಗೆಯನ್ನು 1944ರಲ್ಲಿ ವಿವರಿಸಿದವರು ಮತ್ತಾರೂ ಅಲ್ಲ, ಅದೇ ಹಾರ್ವೆ ಮತ್ತು ಅವರ ಸಂಗಡಿಗರು. ಆಗ ಅವರ ತಲೆಯಲ್ಲಿದ್ದದ್ದು ಬ್ಯಾಕ್ಟೀರಿಯಾ ಅಲ್ಲ. ಹೊರಗಿನ ಒತ್ತಡ ತಟ್ಟನೆ ಇಳಿದಾಗ ಪ್ರಾಣಿಗಳ ಮೈಯಲ್ಲಿ ಗುಳ್ಳೆಗಳು ಏಳುವುದು ಹೇಗೆ ಎಂಬುದು ಯುದ್ಧಕಾಲದ ತುರ್ತು ಪ್ರಶ್ನೆಯಾಗಿತ್ತು.

ಚಿನ್ನದಂಗಡಿಯ ತೊಟ್ಟಿಗೂ ಸ್ಕ್ಯಾನಿಂಗ್ ಕೋಣೆಗೂ ಇರುವ ವ್ಯತ್ಯಾಸ ಈಗ ಬಿಡಿಸಿಕೊಳ್ಳುತ್ತದೆ. ತೊಟ್ಟಿಯ ಧ್ವನಿ ಸೆಕೆಂಡಿಗೆ ಸಾಮಾನ್ಯವಾಗಿ 40,000 ಕಂಪನದ್ದು. ಪ್ರತಿ ಎಳೆತವೂ ಸೆಕೆಂಡಿನ ಹತ್ತು ಲಕ್ಷದಲ್ಲಿ ಹನ್ನೆರಡೂವರೆ ಭಾಗದಷ್ಟು ಹೊತ್ತು ಇರುತ್ತದೆ. ಗುಳ್ಳೆಗೆ ಉಬ್ಬಲು ಅದು ಧಾರಾಳ ಸಮಯ. ಸ್ಕ್ಯಾನಿಂಗ್ ಧ್ವನಿಯ ಎಳೆತ ಅದರ ಎಂಬತ್ತರ ಒಂದು ಪಾಲೂ ಇಲ್ಲ. ಉಬ್ಬಲು ಶುರುಮಾಡುವುದರೊಳಗೆ ಅಲೆ ತಿರುಗಿ ಒತ್ತಿಬಿಡುತ್ತದೆ. ಸಾಲದ್ದಕ್ಕೆ ಸ್ಕ್ಯಾನಿಂಗ್ ಯಂತ್ರ ಬಿಟ್ಟೂ ಬಿಡದೆ ಕೂಗುವುದಿಲ್ಲ. ಒಂದು ಚಿಟಿಕೆ ಸದ್ದು ಮಾಡಿ, ಹೆಚ್ಚಿನ ಹೊತ್ತು ಮರುದನಿಗಾಗಿ ಕಿವಿಗೊಟ್ಟಿರುತ್ತದೆ. ಮೈಯೊಳಗಿನ ದ್ರವದಲ್ಲಿ ಬೀಜಗಳೂ ವಿರಳ. ಈ ಮೂರೂ ಸೇರಿ ಮಗುವನ್ನು ಕಾಯುತ್ತವೆ.

ಉಬ್ಬಿದ್ದು ಕುಸಿಯುವಾಗ

ಗುಳ್ಳೆ ಉಬ್ಬುವುದರಿಂದ ಯಾರಿಗೂ ಅಷ್ಟಾಗಿ ತೊಂದರೆಯಿಲ್ಲ. ತೊಂದರೆ ಇರುವುದು ಅದು ಕುಸಿಯುವಾಗ. ಹಡಗಿನ ಎಂಜಿನಿಯರ್‌ಗಳು ಇದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೇ ಎದುರಿಸಿದ್ದರು. ವೇಗವಾಗಿ ತಿರುಗುವ ಪ್ರೊಪೆಲರ್‌ಗಳ ಸುತ್ತ ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ಅವು ಕುಸಿದ ಕಡೆ ಗಟ್ಟಿ ಲೋಹವೇ ತೂತು ತೂತಾಗುತ್ತಿತ್ತು. ಕ್ಯಾವಿಟೇಶನ್ ಎಂಬ ಈ ವಿದ್ಯಮಾನಕ್ಕೆ ನಾವು ಗುಳ್ಳೆಕುಸಿತ ಎನ್ನಬಹುದು. ಗುಳ್ಳೆ ಕುಸಿಯುವಾಗ ಸುತ್ತಲಿನ ದ್ರವದ ಒತ್ತಡ ಎಷ್ಟಕ್ಕೇರುತ್ತದೆ ಎಂದು 1917ರಲ್ಲಿ ಲೆಕ್ಕ ಹಾಕಿದವರು ಲಾರ್ಡ್ ರ‍್ಯಾಲಿ.

ಸೆಕೆಂಡಿಗೆ ಹತ್ತು ಲಕ್ಷ ಕಂಪನದ ಧ್ವನಿಯಲ್ಲಿ ಸಿಕ್ಕಿದ ಒಂದು ಗುಳ್ಳೆಯನ್ನು ಹತ್ತಿರದಿಂದ ನೋಡೋಣ. ಎಳೆತ ಬಂದಾಗ ಬೀಜ ಉಬ್ಬಿ ಹಲವು ಪಟ್ಟು ದೊಡ್ಡದಾಗುತ್ತದೆ. ಒಳಗೆ ಇರುವುದು ತೀರಾ ತೆಳುವಾದ ಅನಿಲ, ಒಂದಿಷ್ಟು ನೀರಾವಿ. ಅಲೆ ತಿರುಗಿತು, ಈಗ ಒತ್ತುವ ಸರದಿ. ಗುಳ್ಳೆಯ ಸುತ್ತಲಿನ ನೀರು ಎಲ್ಲ ಕಡೆಯಿಂದ ಒಳಕ್ಕೆ ಧಾವಿಸುತ್ತದೆ. ಒಳಗಿನ ಅನಿಲಕ್ಕೆ ತಡೆಯುವ ಶಕ್ತಿಯಿಲ್ಲ. ನೀರಿನ ಗೋಡೆಗಳು ಕೇಂದ್ರದ ಹತ್ತಿರ ಬಂದಂತೆಲ್ಲ ವೇಗ ಹೆಚ್ಚುತ್ತದೆ. ಕೊನೆಯ ಗಳಿಗೆಯಲ್ಲಿ ಅನಿಲ ಎಷ್ಟು ಬೇಗ ಹಿಂಡಿಹೋಗುತ್ತದೆಂದರೆ ಅದರ ಶಾಖ ಹೊರಗೆ ಸೋರಿಹೋಗಲು ಪುರಸೊತ್ತೇ ಸಿಗುವುದಿಲ್ಲ. ಇಂಥ ಗುಳ್ಳೆಗಳ ಒಳಗಿನ ಉಷ್ಣತೆ ಸುಮಾರು 5,000 ಡಿಗ್ರಿ ಇರುತ್ತದೆಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಸಸ್ಲಿಕ್ ತಂಡ ಅಳೆದಿದೆ. ಸೂರ್ಯನ ಮೇಲ್ಮೈಗಿಂತ ತುಸು ಕಡಿಮೆ, ಅಷ್ಟೆ. ಕೆಲವೊಮ್ಮೆ ಗುಳ್ಳೆಯಿಂದ ಮಂಕು ನೀಲಿ ಬೆಳಕೂ ಹೊಮ್ಮುತ್ತದೆ. 1934ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಇಬ್ಬರು ವಿಜ್ಞಾನಿಗಳು ಅದನ್ನು ಮೊದಲು ಕಂಡರು. ಇಷ್ಟೆಲ್ಲ ಆಗಿಯೂ ಪಾತ್ರೆಯ ನೀರು ತಣ್ಣಗೇ ಇರುತ್ತದೆ, ಏಕೆಂದರೆ ಕುದಿಯುವ ಜಾಗ ಅಷ್ಟು ಚಿಕ್ಕದು, ಕುದಿಯುವ ಹೊತ್ತು ಅಷ್ಟು ಕಿರಿದು.

ಗುಳ್ಳೆ ನಡುನೀರಿನಲ್ಲಿದ್ದರೆ ದುಂಡಗೆ ಕುಸಿಯುತ್ತದೆ. ಪಕ್ಕದಲ್ಲಿ ಗೋಡೆಯಿದ್ದರೆ ಕಥೆ ಬೇರೆ. ಗೋಡೆಯ ಕಡೆಯಿಂದ ನೀರು ಸಲೀಸಾಗಿ ಬರಲಾರದು. ಎದುರು ಕಡೆಯ ನೀರು ಮುಂದಾಗಿ ನುಗ್ಗಿ, ಗುಳ್ಳೆಯನ್ನು ತೂರಿಕೊಂಡು, ಸೂಜಿಯಂಥ ಚಿಲುಮೆಯಾಗಿ ಗೋಡೆಗೇ ಬಡಿಯುತ್ತದೆ. ಅದರ ವೇಗ ಸೆಕೆಂಡಿಗೆ ನೂರು ಮೀಟರಿನ ಆಸುಪಾಸು. ಚಿನ್ನದ ಸರದ ಜಿಡ್ಡು ಬಿಡಿಸುವುದರಲ್ಲಿ ಈ ಚಿಲುಮೆಯ ಪಾಲು ದೊಡ್ಡದು. ಬ್ಯಾಕ್ಟೀರಿಯಾದ ಪೊರೆ ಹರಿಯುವುದೂ ಇಂಥ ಪೆಟ್ಟಿಗೇ.

ನನಗೆ ಇಲ್ಲಿ ಅಚ್ಚರಿ ತರುವುದು ಪೆಟ್ಟಿನ ಜೋರಿಗಿಂತ ಅದರ ಹಂಚಿಕೆ. ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ಉದ್ದದ ಅಲೆಯಲ್ಲಿ ತೆಳ್ಳಗೆ ಹರಡಿದ್ದ ಶಕ್ತಿಯನ್ನು ಗುಳ್ಳೆ ಬಾಚಿ ತಂದು, ಬ್ಯಾಕ್ಟೀರಿಯಾಗಿಂತ ಚಿಕ್ಕ ಜಾಗದಲ್ಲಿ ಸುರಿಯುತ್ತದೆ. ಅಲೆಗೆ ಕಾಣದಷ್ಟು ಸಣ್ಣ ಜೀವಿ ಗುಳ್ಳೆಯ ಅಳತೆಗೆ ಸರಿಯಾಗಿ ಸಿಕ್ಕಿಬೀಳುತ್ತದೆ. ಹಾಗಿರುವಾಗ ಗುಳ್ಳೆ ಎಲ್ಲಿ ಹುಟ್ಟಬೇಕು ಎಂಬುದನ್ನು ನಾವೇ ಗೊತ್ತುಮಾಡುವಂತಾದರೆ, ಪೆಟ್ಟು ಎಲ್ಲಿ ಬೀಳಬೇಕು ಎಂಬುದನ್ನೂ ಗೊತ್ತುಮಾಡಿದ ಹಾಗೆ.

ಲೋಳೆಕೋಟೆ

ಎಲ್ಲಿ ಬೀಳಬೇಕು? ಡಚ್ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 1680ರ ದಶಕದಲ್ಲಿ ತನ್ನ ಹಲ್ಲಿನ ಪಾಚಿಯನ್ನು ಕೆರೆದು, ತಾನೇ ಮಾಡಿದ ಮಸೂರದಡಿ ನೋಡಿದ. ಪುಟ್ಟ ಜೀವಿಗಳು ಗಿಜಿಗುಡುತ್ತಿದ್ದವು. ಆಮೇಲೆ ವಿನಿಗರ್‌ನಿಂದ ಬಾಯಿ ಮುಕ್ಕಳಿಸಿದ. ಪಾಚಿಯ ಹೊರಮೈಯಲ್ಲಿದ್ದವು ಮಾತ್ರ ಸತ್ತವು, ಒಳಗಿನವಕ್ಕೆ ವಿನಿಗರ್ ತಲುಪಲೇ ಇಲ್ಲ ಎಂಬ ತೀರ್ಮಾನಕ್ಕೆ ಬಂದ. ಬ್ಯಾಕ್ಟೀರಿಯಾ ಎಂಬ ಹೆಸರೇ ಇಲ್ಲದ ಕಾಲದಲ್ಲಿ ಆತ ಇವತ್ತಿನ ಆಸ್ಪತ್ರೆಗಳ ತಲೆನೋವನ್ನು ಕಂಡುಬಿಟ್ಟಿದ್ದ.

ಬ್ಯಾಕ್ಟೀರಿಯಾಗಳು ಒಂಟಿಯಾಗಿ ಈಜಾಡುವುದಕ್ಕಿಂತ ಎಲ್ಲಾದರೂ ಅಂಟಿ, ಗುಂಪುಗೂಡಿ, ತಮ್ಮ ಸುತ್ತ ಲೋಳೆ ಸುರಿಸಿಕೊಂಡು ಬದುಕುವುದೇ ಹೆಚ್ಚು. ಬಯೋಫಿಲ್ಮ್ ಎನ್ನುತ್ತಾರೆ, ಇಲ್ಲಿ ಲೋಳೆಕೋಟೆ ಎನ್ನೋಣ. ಬಚ್ಚಲಿನ ಜಾರಿಕೆಯಿಂದ ಹಿಡಿದು ಮೂತ್ರ ಹೋಗಲು ಹಾಕಿದ ಕ್ಯಾತಿಟರ್ ನಳಿಕೆ, ಮುರಿದ ಕಾಲಿಗೆ ಕೂರಿಸಿದ ಪ್ಲೇಟು, ಕೃತಕ ಮಂಡಿಚಿಪ್ಪು, ಮಧುಮೇಹಿಗಳ ವಾಸಿಯಾಗದ ಗಾಯದವರೆಗೆ ಎಲ್ಲೆಲ್ಲೂ ಇದೇ. ಸಕ್ಕರೆಯ ಸರಪಣಿಗಳು, ಪ್ರೊಟೀನು, ಸತ್ತ ಬ್ಯಾಕ್ಟೀರಿಯಾಗಳಿಂದ ಸುರಿದ ಡಿಎನ್‌ಎ ಎಳೆಗಳು ಹೆಣೆದುಕೊಂಡು ಆದ ಲೋಳೆ ಅದು. ಕೋಟೆಯೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲಲು, ಬಿಡಿಯಾಗಿ ಈಜುವುದಕ್ಕೆ ಬೇಕಾದದ್ದಕ್ಕಿಂತ ನೂರಾರು ಪಟ್ಟು, ಒಮ್ಮೊಮ್ಮೆ ಸಾವಿರ ಪಟ್ಟು ಔಷಧಿ ಬೇಕಾಗಬಹುದು. ಅಷ್ಟು ಕೊಟ್ಟರೆ ರೋಗಿಯೇ ಉಳಿಯುವುದಿಲ್ಲ. ಮಂಡಿಯ ಲೋಹಕ್ಕೆ ಕೋಟೆ ಕಟ್ಟಿಕೊಂಡರೆ ಎಷ್ಟೋ ಸಲ ಲೋಹವನ್ನೇ ತೆಗೆದುಹಾಕಿ, ವಾರಗಟ್ಟಲೆ ಔಷಧಿ ಕೊಟ್ಟು, ಮತ್ತೆ ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ.

ಲೋಳೆ ಔಷಧಿಯನ್ನು ತಡೆಯುತ್ತದೆ ಎಂಬುದು ಅರ್ಧ ಸತ್ಯ. ಕೋಟೆಯ ಆಳದಲ್ಲಿ ಆಹಾರವೂ ಆಮ್ಲಜನಕವೂ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ಬೆಳೆಯುವುದನ್ನೇ ನಿಲ್ಲಿಸಿ ಮಂಕಾಗಿ ಬಿದ್ದಿರುತ್ತವೆ. ನಮ್ಮ ಔಷಧಿಗಳಲ್ಲಿ ಬಹಳಷ್ಟು ಬ್ಯಾಕ್ಟೀರಿಯಾ ಬೆಳೆಯುವಾಗ ಅದರ ಕೆಲಸ ಕೆಡಿಸುವಂಥವು. ಕೆಲಸವನ್ನೇ ಮಾಡದೆ ಬಿದ್ದಿರುವುದನ್ನು ಕೆಡಿಸುವುದೇನು? ಪೆನಿಸಿಲಿನ್‌ಗೆ ಸಾಯದೆ ಹೀಗೆ ಉಳಿದುಕೊಳ್ಳುವ ಬೆರಳೆಣಿಕೆಯ ಸ್ಟ್ಯಾಫಿಲೊಕಾಕಸ್‌ಗಳನ್ನು ಐರ್ಲೆಂಡಿನ ಜೋಸೆಫ್ ಬಿಗರ್ 1944ರಲ್ಲೇ ಗುರುತಿಸಿದ್ದರು. ಗುಳ್ಳೆಯ ಪೆಟ್ಟಿಗೆ ಈ ಭೇದವಿಲ್ಲ. ಎದ್ದಿದ್ದರೂ ಮಲಗಿದ್ದರೂ ಪೊರೆ ಪೊರೆಯೇ.

ಬೀಜ ಬಿತ್ತುವ ಕಣಗಳು

ನ್ಯಾನೊ ಕಣಗಳು ರಂಗಕ್ಕೆ ಬರುವುದು ಇಲ್ಲಿ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ ಒಂದು ನ್ಯಾನೊಮೀಟರ್. ಬ್ಯಾಕ್ಟೀರಿಯಾ ಸಾವಿರ ನ್ಯಾನೊಮೀಟರ್ ಇದ್ದರೆ ನಮ್ಮ ಕಣ ಕೆಲವು ಹತ್ತರಿಂದ ಕೆಲವು ನೂರು ನ್ಯಾನೊಮೀಟರ್. ಲೋಳೆಯ ಸಂದಿಗಳಲ್ಲಿ ನುಸುಳುವಷ್ಟು ಸಣ್ಣದು. ಸೋಡಾದಲ್ಲಿ ಉಪ್ಪಿನ ಹರಳು ಮಾಡಿದ ಕೆಲಸವನ್ನೇ ಇದು ಮಾಡಬೇಕು: ಗುಳ್ಳೆಗೆ ಬೀಜವಾಗಬೇಕು. ಬೀಜವಿಲ್ಲದ ಕಡೆ ನೀರು ಹರಿಯದಷ್ಟು ಮೆತ್ತಗೆ ಧ್ವನಿ ಹಾಯಿಸಿದರೆ, ಕಣ ಇದ್ದ ಕಡೆ ಮಾತ್ರ ಗುಳ್ಳೆ ಏಳುತ್ತದೆ. ಪಕ್ಕದ ಮಾಂಸಕ್ಕೂ ಅದೇ ಧ್ವನಿ ತಟ್ಟುತ್ತದೆ, ಆದರೆ ಅಲ್ಲಿ ಏನೂ ನಡೆಯುವುದಿಲ್ಲ.

ಕಣವನ್ನು ಬೀಜವಾಗಿಸುವ ಬಗೆ ಹಲವು. ಆಕ್ಸ್‌ಫರ್ಡ್‌ನ ಸಂಶೋಧಕರು 2015ರಲ್ಲಿ ಪ್ಲಾಸ್ಟಿಕ್ ಜಾತಿಯ ವಸ್ತುವಿನಿಂದ ನ್ಯಾನೊ ಬಟ್ಟಲುಗಳನ್ನು ಮಾಡಿದರು. ಒಂದು ಕಡೆ ಕುಳಿಬಿದ್ದ ಉಂಡೆ. ಕುಳಿಯಲ್ಲಿ ಒಂದು ತುಣುಕು ಗಾಳಿ. ಹಾರ್ವೆ ಹೇಳಿದ ಬಿರುಕನ್ನು ಬೇಕೆಂತಲೇ ಕಟ್ಟಿದಂತಾಯಿತು. (ಅವರ ಗುರಿ ಗಡ್ಡೆಗಳ ಆಳಕ್ಕೆ ಔಷಧಿ ನುಗ್ಗಿಸುವುದಾಗಿತ್ತು, ಸೂತ್ರ ಮಾತ್ರ ಅದೇ.) ಕೊಲೊರಾಡೊದಲ್ಲಿ ಇನ್ನೊಂದು ತಂಡ ತೂತು ತೂತಾದ ಸಿಲಿಕಾ ಕಣಗಳ ಮೈಯನ್ನು ನೀರು ಹಿಡಿಯದಂತೆ ಮಾಡಿತು. ಕೆಸುವಿನೆಲೆಯ ಮೈಗೆ ನೀರು ಹತ್ತುವುದಿಲ್ಲವಲ್ಲ, ಆ ಗುಣ. ನೀರು ಒಳಹೋಗದ ತೂತುಗಳಲ್ಲಿ ಗಾಳಿ ಉಳಿಯುತ್ತದೆ.

ಮೂರನೆಯ ಬಗೆ ನನಗೆ ಬಹಳ ಹಿಡಿಸಿದ್ದು. ಪರ್‌ಫ್ಲೂರೊಪೆಂಟೇನ್ ಎಂಬ ದ್ರವ 29 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. 37 ಡಿಗ್ರಿಯ ನಮ್ಮ ಮೈಯೊಳಗೆ ಹಾಕಿದರೆ ಕೂಡಲೇ ಆವಿಯಾಗಬೇಕು. ಆದರೆ ಅದನ್ನು ನ್ಯಾನೊ ಹನಿಗಳಾಗಿ ಒಡೆದರೆ ಆಗುವುದಿಲ್ಲ! ಹನಿ ಸಣ್ಣದಾದಷ್ಟೂ ಅದರ ಮೇಲ್ಮೈಯ ಬಿಗಿತ ಒಳಗಿನ ದ್ರವವನ್ನು ಹೆಚ್ಚು ಹಿಂಡುತ್ತದೆ. ಆ ಹಿಂಡುವಿಕೆಯಿಂದ ಅದು ದ್ರವವಾಗಿಯೇ ಉಳಿಯುತ್ತದೆ, ಕುದಿಯಲು ಕಾದು ಕೂತಂತೆ. ಲೋಳೆಕೋಟೆಯೊಳಗೆ ನುಸುಳಿದ ಮೇಲೆ ಧ್ವನಿಯ ಒಂದು ಎಳೆತ ಬಂದರೆ ಸಾಕು, ಬಿಗಿತ ಸಡಿಲಿ ಹನಿ ಆವಿಯಾಗಿ ಸುಮಾರು ಐದು ಪಟ್ಟು ಅಗಲದ ಗುಳ್ಳೆಯಾಗುತ್ತದೆ. ಚಾಪೆಲ್ ಹಿಲ್‌ನಲ್ಲಿರುವ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಈ ಜಾತಿಯ ಹನಿಗಳನ್ನು ಮೆಥಿಸಿಲಿನ್ ಎಂಬ ಔಷಧಿಗೆ ಜಗ್ಗದ ಸ್ಟ್ಯಾಫಿಲೊಕಾಕಸ್‌ನ ಕೋಟೆಗಳ ಮೇಲೆ, ಆ್ಯಂಟಿಬಯಾಟಿಕ್ ಜೊತೆಗೆ ಪ್ರಯೋಗಿಸಿ, ಔಷಧಿಯ ಕೈ ಬಲಗೊಳ್ಳುವುದನ್ನು ತೋರಿಸಿದ್ದಾರೆ. ಅಲ್ಲಿ ಗುಳ್ಳೆಯೇ ಎಲ್ಲವನ್ನೂ ಕೊಲ್ಲಬೇಕೆಂದಿಲ್ಲ. ಕೋಟೆಗೆ ಕಿಂಡಿ ಕೊರೆದರೂ ಸಾಕು, ಹಳೆಯ ಔಷಧಿಯೇ ಒಳಹೊಕ್ಕು ಕೆಲಸ ಮಾಡುತ್ತದೆ. ಧ್ವನಿಯೂ ಆ್ಯಂಟಿಬಯಾಟಿಕ್ಕೂ ಜೊತೆಯಾದರೆ ಎರಡರದ್ದೂ ಬಲ ಹೆಚ್ಚುತ್ತದೆಂದು ಅಮೆರಿಕದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ವಿಲಿಯಂ ಪಿಟ್ ತಂಡ 1990ರ ದಶಕದಲ್ಲೇ ತೋರಿಸಿಕೊಟ್ಟಿತ್ತು.

ಕೆರಳಿದ ಆಮ್ಲಜನಕ

ಎಲ್ಲ ಕಣಗಳೂ ಗುಳ್ಳೆಬೀಜವಾಗಿ ನಿಲ್ಲುವುದಿಲ್ಲ. ಕೆಲವು ಗುಳ್ಳೆಯ ಶಕ್ತಿಯನ್ನು ಹಿಡಿದು ಅದನ್ನು ವಿಷವಾಗಿ ಮಾರ್ಪಡಿಸುತ್ತವೆ. ಕುಸಿತದ ಕಾವಿಗೆ ನೀರಿನ ಅಣುವೇ ಒಡೆದು ಹೈಡ್ರಾಕ್ಸಿಲ್ ಎಂಬ ಉಗ್ರ ತುಣುಕು ಹುಟ್ಟುತ್ತದೆ. ಸುಣ್ಣಬಣ್ಣದ ಡಬ್ಬಿಯಲ್ಲಿ, ಸನ್‌ಸ್ಕ್ರೀನ್‌ನಲ್ಲಿ ಇರುವ ಟೈಟಾನಿಯಂ ಡೈಆಕ್ಸೈಡ್‌ನ ಕಣಗಳನ್ನು ಹತ್ತಿರ ಇಟ್ಟರೆ ಇಂಥ ತುಣುಕುಗಳು ಇನ್ನಷ್ಟು ಹುಟ್ಟುತ್ತವೆ. ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹೀಮ್‌ನ ನಂಟರಾದ ಪಾರ್ಫಿರಿನ್‌ಗಳು ಪಕ್ಕದ ಆಮ್ಲಜನಕವನ್ನೇ ಕೆರಳಿಸುತ್ತವೆ. ಈ ಕೆಲಸ ಗುಳ್ಳೆಯ ಬೆಳಕಿನಿಂದ ಆಗುತ್ತದೆಂದು ಕೆಲವರು, ಕಾವಿನಿಂದ ಎಂದು ಕೆಲವರು ವಾದಿಸುತ್ತಾರೆ. ಜಗಳ ಇನ್ನೂ ತೀರಿಲ್ಲ. ಪಾರ್ಫಿರಿನ್ ಜಾತಿಯ ಬಣ್ಣವೂ ಧ್ವನಿಯೂ ಕೂಡಿದಾಗ ಕ್ಯಾನ್ಸರ್ ಕೋಶಗಳು ಹೆಚ್ಚು ಸಾಯುವುದನ್ನು ಜಪಾನಿನ ಯುಮಿಟಾ ಮತ್ತು ಸಂಗಡಿಗರು 1989ರಲ್ಲಿ ವರದಿ ಮಾಡಿದ್ದರು. ಬ್ಯಾಕ್ಟೀರಿಯಾದ ಕಡೆಗೆ ಆ ವಿದ್ಯೆ ಹೊರಳಿದ್ದು ಆಮೇಲೆ.

ಇನ್ನೊಂದು ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಟಕ್ಕೆಂದು ಒತ್ತಿದರೆ ಕಿಡಿ ಹಾರುವ ಗ್ಯಾಸ್ ಲೈಟರ್‌ಗೆ ಬ್ಯಾಟರಿ ಇರುವುದಿಲ್ಲ. ಒಳಗಿರುವ ಹರಳನ್ನು ಸುತ್ತಿಗೆಯೊಂದು ಬಡಿದಾಗ ಹರಳಿನ ಎರಡು ತುದಿಗಳ ನಡುವೆ ಸಾವಿರಾರು ವೋಲ್ಟ್ ವಿದ್ಯುತ್ ಹುಟ್ಟುತ್ತದೆ. ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡ ಈ ಗುಣಕ್ಕೆ ಒತ್ತುವಿದ್ಯುತ್ ಎನ್ನಬಹುದು, ಪಿಯೆಜೊ ಎಂದು ಅದರ ಪರಿಚಿತ ಹೆಸರು. ಬೇರಿಯಂ ಟೈಟನೇಟ್‌ನ ನ್ಯಾನೊ ಹರಳನ್ನು ಧ್ವನಿ, ಗುಳ್ಳೆಗಳು ಒತ್ತಿ ಬಿಟ್ಟಾಗ ಅದರ ಮೈಮೇಲೂ ಹೀಗೆ ವಿದ್ಯುತ್ ಮೂಡಿ, ಸುತ್ತಲಿನ ನೀರು ಮತ್ತು ಆಮ್ಲಜನಕದಿಂದ ಅದೇ ಉಗ್ರ ತುಣುಕುಗಳು ಹುಟ್ಟುತ್ತವೆ.

ಈ ತುಣುಕುಗಳ ಆಯುಷ್ಯ ತೀರಾ ಕಡಿಮೆ. ಹೈಡ್ರಾಕ್ಸಿಲ್ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ಹೊತ್ತು ಬದುಕಿದರೆ ಹೆಚ್ಚು. ಅಷ್ಟರಲ್ಲಿ ಕೆಲವೇ ನ್ಯಾನೊಮೀಟರ್ ಸಾಗುತ್ತದೆ. ಹಾಗಾಗಿ ಕಣ ಬ್ಯಾಕ್ಟೀರಿಯಾದ ಮೈಗೆ ಅಂಟಿಯೇ ಇರಬೇಕು, ಒಂದು ಕೂದಲೆಳೆಯಷ್ಟು ದೂರವಿದ್ದರೂ ಶ್ರಮ ವ್ಯರ್ಥ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುತ್ ಇರುವುದರಿಂದ ಕಣಕ್ಕೆ ಧನ ವಿದ್ಯುತ್ತಿನ ಹೊದಿಕೆ ಹಾಕುತ್ತಾರೆ; ಅದು ತಾನಾಗಿ ಹೋಗಿ ಅಂಟಿಕೊಳ್ಳುತ್ತದೆ. ಚೀನಾದ ಸಂಶೋಧಕರು ಮೂಳೆಯ ಸೋಂಕಿಗೆಂದು ತಯಾರಿಸಿ ಇಲಿಗಳ ಮೇಲೆ ಪರೀಕ್ಷಿಸಿದ ಪಾರ್ಫಿರಿನ್ ಕಣಗಳಿಗೆ ಕೆಂಪು ರಕ್ತಕಣದ ಪೊರೆಯನ್ನೇ ಹೊದಿಸಿದ್ದರು. ಸ್ಟ್ಯಾಫಿಲೊಕಾಕಸ್ ಉಗುಳುವ ವಿಷ ಅದನ್ನು ನಿಜವಾದ ರಕ್ತಕಣವೆಂದು ಬಗೆದು ಕಣಕ್ಕೇ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ.

ಪೆಟ್ಟು ಹುಸಿಯಾದರೆ

ಇವೆಲ್ಲ ಬಹುಮಟ್ಟಿಗೆ ಗಾಜಿನ ತಟ್ಟೆಗಳಲ್ಲಿ, ಇಲಿಗಳಲ್ಲಿ ನಡೆದಿರುವ ಕೆಲಸ. ಸಂಶೋಧನಾ ಪ್ರಬಂಧಗಳಲ್ಲಿ ಶೇಕಡಾ 99ರ ಮಾತು ಧಾರಾಳವಾಗಿ ಬರುತ್ತದೆ. ಅದನ್ನು ಓದುವಾಗ ಒಂದು ಲೆಕ್ಕ ನೆನಪಿಡಬೇಕು: ಹತ್ತು ಕೋಟಿ ಬ್ಯಾಕ್ಟೀರಿಯಾಗಳಲ್ಲಿ ಶೇಕಡಾ 99 ಸತ್ತರೂ ಹತ್ತು ಲಕ್ಷ ಉಳಿದಿರುತ್ತವೆ, ರಾತ್ರಿ ಬೆಳಗಾಗುವುದರೊಳಗೆ ಮತ್ತೆ ತುಂಬಿಕೊಳ್ಳಲು ಅಷ್ಟು ಸಾಕು.

ಧ್ವನಿ ತೀರಾ ಮೆತ್ತಗಾದರೆ ಇನ್ನೂ ಕೆಡುಕು. ಮೆಲ್ಲನೆಯ ಅಲ್ಟ್ರಾಸೌಂಡ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಬದಲು ಬೇಗ ಬೆಳೆಸುತ್ತದೆಂದು ಅದೇ ಪಿಟ್ ಮತ್ತು ಸಂಗಡಿಗರೊಬ್ಬರು 2003ರಲ್ಲಿ ತೋರಿಸಿದರು. ಅಲೆ ಲೋಳೆಯನ್ನು ಅಲುಗಾಡಿಸಿದಾಗ ಆಳದಲ್ಲಿದ್ದವಕ್ಕೂ ಆಹಾರ, ಆಮ್ಲಜನಕ ಚೆನ್ನಾಗಿ ತಲುಪುತ್ತವೆ, ನಾವೇ ಉಣಿಸಿದಂತಾಗುತ್ತದೆ. ಕೋಟೆ ಒಡೆದು ಒಳಗಿದ್ದವು ಸಾಯದಿದ್ದರೆ ಬಿಡಿಬಿಡಿಯಾಗಿ ರಕ್ತಕ್ಕೆ ಹೊರಡುವ ಭಯವೂ ಇದೆ. ಧ್ವನಿ ಜೋರಾದರೆ ಗುಳ್ಳೆಗಳು ನಮ್ಮ ರಕ್ತನಾಳವನ್ನೂ ಹರಿಯಬಲ್ಲವು. ಕೆರಳಿದ ಆಮ್ಲಜನಕಕ್ಕೆ ನಮ್ಮ ಜೀವಕೋಶ, ಬ್ಯಾಕ್ಟೀರಿಯಾ ಎಂಬ ಭೇದ ಗೊತ್ತಿಲ್ಲ. ಕೆಲಸ ಮುಗಿದ ಕಣಗಳ ಪೈಕಿ ರಕ್ತಕ್ಕೆ ಸೇರಿದವು ಯಕೃತ್ತು, ಗುಲ್ಮಗಳಲ್ಲಿ ಹೋಗಿ ನೆಲೆಸುತ್ತವೆ. ಕರಗುವ ಹನಿಗಳ ವಿಷಯದಲ್ಲಿ ಚಿಂತೆ ಕಡಿಮೆ; ಲೋಹದ ಕಣಗಳ ವಿಷಯದಲ್ಲಿ ಹೆಚ್ಚು. ನನ್ನ ಮಟ್ಟಿಗೆ ಹೇಳುವುದಾದರೆ ಹನಿಗಳ ಕಡೆಗೇ ವಾಲುತ್ತೇನೆ.

ಗುಳ್ಳೆಗೆ ಕಿವಿಗೊಡುವುದು

ಹಾಗಾದರೆ ಧ್ವನಿ ಎಷ್ಟಿರಬೇಕು ಎಂದು ವೈದ್ಯರಿಗೆ ಗೊತ್ತಾಗುವುದು ಹೇಗೆ? ಗುಳ್ಳೆಗಳೇ ಹೇಳುತ್ತವೆ. ಮೆಲ್ಲನೆ ಉಬ್ಬಿ ತಗ್ಗುತ್ತಿರುವ ಗುಳ್ಳೆ ತನಗೆ ತಾಗಿದ ಧ್ವನಿಯ ಅರ್ಧ, ಎರಡರಷ್ಟು, ಮೂರರಷ್ಟು ಕಂಪನಗಳಲ್ಲಿ ಸ್ಪಷ್ಟವಾದ ಸ್ವರಗಳನ್ನು ಹೊಮ್ಮಿಸುತ್ತದೆ. ಕುಸಿಯತೊಡಗಿದಾಗ ಸ್ವರ ಹೋಗಿ, ಎಲ್ಲ ಕಂಪನಗಳೂ ಕಲಸಿದ ಸುಯ್ಯೆಂಬ ಗದ್ದಲ ಶುರುವಾಗುತ್ತದೆ. ಚರ್ಮದ ಮೇಲೆ ಇನ್ನೊಂದು ಪ್ರೋಬ್ ಇಟ್ಟು ಆ ಗದ್ದಲವನ್ನು ಆಲಿಸಿದರೆ ಒಳಗೆ ಕುಸಿತ ನಡೆಯುತ್ತಿದೆಯೆ, ಎಲ್ಲಿ ನಡೆಯುತ್ತಿದೆ, ಎಷ್ಟು ಜೋರಾಗಿ ಎಂದು ಅಲ್ಲೇ ತಿಳಿಯುತ್ತದೆ. ಧ್ವನಿಯನ್ನು ಅದಕ್ಕೆ ತಕ್ಕಂತೆ ಏರಿಸಬಹುದು, ಇಳಿಸಬಹುದು. ಗಡ್ಡೆಗಳ ಚಿಕಿತ್ಸೆಗೆಂದು ಬೆಳೆದ ಈ ಆಲಿಸುವ ವಿದ್ಯೆ ಸೋಂಕಿಗೂ ಬೇಕಾಗುತ್ತದೆ.

ಎಲ್ಲ ಸೋಂಕುಗಳಿಗೂ ಈ ಚಿಕಿತ್ಸೆ ಬರುವುದಿಲ್ಲ ಎಂಬುದನ್ನಂತೂ ಈಗಲೇ ಹೇಳಬಹುದು. ಗಾಳಿ ಸಿಕ್ಕಿದ ಕಡೆ ಶ್ರವಣಾತೀತ ಧ್ವನಿ ಹಿಂದಿರುಗಿಬಿಡುತ್ತದೆ; ಸ್ಕ್ಯಾನಿಂಗ್‌ಗೆ ಜೆಲ್ ಹಚ್ಚುವುದೂ ಪ್ರೋಬ್‌ಗೂ ಚರ್ಮಕ್ಕೂ ನಡುವೆ ಗಾಳಿ ಉಳಿಯದಿರಲೆಂದೇ. ಗಾಳಿ ತುಂಬಿದ ಶ್ವಾಸಕೋಶಕ್ಕೆ ಇದು ಒಗ್ಗದು. ಮೂಳೆಯೂ ಧ್ವನಿಯನ್ನು ಬಹುಪಾಲು ನುಂಗುತ್ತದೆ, ಚದುರಿಸುತ್ತದೆ. ಮೂಳೆಯ ಮೇಲ್ಪದರದ ಸೋಂಕು ಸರಿ, ಆಳದ್ದು ಕಷ್ಟ. ಚರ್ಮದ ಗಾಯ, ಹಲ್ಲಿನ ಬೇರಿನ ನಾಳ, ಮೂತ್ರಕೋಶ, ಇವು ಕೈಗೆಟಕುವ ಜಾಗಗಳು. ಮೂತ್ರಕೋಶಕ್ಕಂತೂ ಕಣಗಳನ್ನು ನಳಿಕೆಯಿಂದಲೇ ಬಿಡಬಹುದು, ರಕ್ತಕ್ಕೆ ಸೇರಿಸಬೇಕಿಲ್ಲ. ಮೇಲಿನಿಂದ ಪ್ರೋಬ್ ಇಟ್ಟರೆ ನಡುವೆ ಮೂಳೆಯಿಲ್ಲ, ಗಾಳಿಯಿಲ್ಲ. ಮತ್ತೆ ಮತ್ತೆ ಮರುಕಳಿಸುವ ಮೂತ್ರದ ಸೋಂಕಿನಲ್ಲಿ ಬ್ಯಾಕ್ಟೀರಿಯಾಗಳು ಮೂತ್ರಕೋಶದ ಗೋಡೆಯ ಜೀವಕೋಶಗಳ ಒಳಗೇ ಅವಿತುಕೊಳ್ಳುತ್ತವೆ, ಜೆಂಟಮೈಸಿನ್‌ನಂಥ ಔಷಧಿ ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಮತ್ತು ಆಕ್ಸ್‌ಫರ್ಡ್‌ನವರು ಕೂಡಿ, ಮನುಷ್ಯರ ಮೂತ್ರಕೋಶದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಜೆಂಟಮೈಸಿನ್ ಹೊತ್ತ ಸೂಕ್ಷ್ಮಗುಳ್ಳೆಗಳನ್ನು ಧ್ವನಿಯಿಂದ ಒಡೆದು, ಔಷಧಿಯನ್ನು ಜೀವಕೋಶದೊಳಕ್ಕೆ ಇಳಿಸಿದ ಪ್ರಯೋಗವನ್ನು 2019ರಲ್ಲಿ ಪ್ರಕಟಿಸಿದರು. ಆ ಗುಳ್ಳೆಗಳು ನ್ಯಾನೊ ಅಳತೆಗಿಂತ ದೊಡ್ಡವು. ಮೂತ್ರಕೋಶ ನಳಿಕೆ ತಲುಪುವ ಜಾಗವಾದ್ದರಿಂದ ಅಲ್ಲಿಗೆ ಅವು ಸಾಕು. ರಕ್ತನಾಳದಿಂದ ಹೊರಬಿದ್ದು ಲೋಳೆಯೊಳಗೆ ನುಸುಳಬೇಕಾದ ಕಡೆ ಮಾತ್ರ ನ್ಯಾನೊ ಹನಿಗಳೇ ಬೇಕು.